ಆಸ್ಪತ್ರೆಗೆ ಹತ್ತಿರದ ಸಮುದ್ರ

ಅಮರನಾಥನಿಗೆ ಸಮುದ್ರದ ಹುಚ್ಚು ಹಿಡಿದು ಇಪ್ಪತ್ತೊಂದು ದಿನವಾಗಿತ್ತು. ಸಮುದ್ರ ಕಂಡವರಿಗೆ ಹಿಡಿಯುವ ಹುಚ್ಚಲ್ಲ ಇದು, ಕಾಣದವರಿಗೆ ಹಿಡಿಯುವುದು. ಕಮಲಾಪುರದಲ್ಲಿ ಹುಟ್ಟಿ, ಅಪ್ಪ ದೌಲಪ್ಪನ ಕೆಂಪು ಬಾಳೆ ತೋಟದ ಬಾವಿಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನು ಅವನು. ಈಗ ಕಲಬುರಗಿಯಲ್ಲಿ ಹನಿ ನೀರಾವರಿ ಪೈಪುಗಳ ಅಂಗಡಿ ಇಟ್ಟು, ದಿನಾ ಊರಿಂದ ಹೋಗಿ ಬರುತ್ತಿದ್ದ. ದಿನವಿಡೀ ರೈತರ ಜೊತೆ ಹನಿ ನೀರಿನ ಮಾತಾಡಿ ಬಂದವನಿಗೆ ಸಂಜೆಯಾದರೆ ಅಳತೆಯಿಲ್ಲದ ನೀರು ಬೇಕೆನಿಸುತ್ತಿತ್ತೋ ಏನೋ. ರೊಟ್ಟಿಯ ತಟ್ಟೆಯ ಪಕ್ಕ ಫೋನ್ ನಿಲ್ಲಿಸಿಕೊಂಡು ಅಂಡಮಾನಿನ ರೆಸಾರ್ಟುಗಳನ್ನು ಒಂದೊಂದಾಗಿ ಹೆಂಡತಿಗೆ ತೋರಿಸುತ್ತಿದ್ದ.

ಹೆಂಡತಿ ಸೃಷ್ಟಿ ಒಂದೊಂದನ್ನೂ ಬೇಡ ಎನ್ನುತ್ತಿದ್ದಳು.

ಮೊದಲು ತೋರಿಸಿದ್ದು ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಕುಟೀರ. ಬಾಗಿಲು ತೆಗೆದರೆ ನಾಲ್ಕು ಮೆಟ್ಟಿಲು, ಮೆಟ್ಟಿಲ ಕೆಳಗೆ ನೇರ ಸಮುದ್ರ. ನೀರಿನ ಸಪ್ಪಳಕ್ಕೆ ತನಗೆ ನಿದ್ದೆ ಬರುವುದಿಲ್ಲ ಎಂದಳು. ಎರಡನೆಯದರಲ್ಲಿ ಕೋಣೆಗೊಂದು ಈಜುಕೊಳ. ಅಷ್ಟೆಲ್ಲಾ ಆಡಂಬರ ಯಾಕೆ, ಮನೆಯವರು ಏನಂದುಕೊಂಡಾರು ಎಂದಳು. ಮೂರನೆಯದಕ್ಕೆ ದೊಡ್ಡ ದ್ವೀಪದಿಂದ ಎರಡು ತಾಸು ದೋಣಿಯಲ್ಲಿ ಹೋಗಬೇಕು. ಅಲ್ಲಿ ಸುತ್ತಮುತ್ತ ಯಾರೂ ಇರುವುದಿಲ್ಲ ಎಂದು ಅಮರನಾಥ ದನಿ ತಗ್ಗಿಸಿ ಹೇಳಿದ. ಆ ಮಾತಿಗೆ ನಾಚಬೇಕಾದ ಹೆಂಡತಿ ಬೆವೆತಳು. ಹೀಗೆ ಹನ್ನೊಂದು ರೆಸಾರ್ಟುಗಳು ಒಂದಾದ ಮೇಲೊಂದು ಬಿದ್ದುಹೋದವು, ಹನ್ನೊಂದಕ್ಕೂ ಹನ್ನೊಂದು ಬೇರೆ ಬೇರೆ ನೆಪ.

ಮದುವೆಯಾಗಿ ಆರು ತಿಂಗಳಾದರೂ ಇಬ್ಬರೇ ಊರು ಬಿಟ್ಟು ಹೋದವರಲ್ಲ. ಹೊಸದರಲ್ಲಿ ಮನೆದೇವರು, ಆಮೇಲೆ ಬೀಗರ ಮನೆಯ ಊಟಗಳು, ಆಮೇಲೆ ತೊಗರಿ ಬಿತ್ತನೆ. ಜನವರಿಯಲ್ಲಿ ಐದು ದಿನ, ಹೈದರಾಬಾದಿನಿಂದ ವಿಮಾನ ಎಂದು ಅಮರನಾಥ ಅಪ್ಪನ ಕೈಕಾಲು ಹಿಡಿದು ಒಪ್ಪಿಸಿದ್ದ. ಅಪ್ಪ ಒಪ್ಪಿದರೂ ಹೆಂಡತಿ ಒಪ್ಪದಿದ್ದರೆ ಗಂಡಸು ಎಲ್ಲಿಗೆ ಹೋಗಬೇಕು?

ಸೃಷ್ಟಿಗೂ ಹೋಗುವ ಆಸೆ ಇತ್ತು. ಹೇಳಬಾರದಷ್ಟು ಇತ್ತು. ಆದರೆ ಅವಳಿಗೆ ಹದಿನಾಲ್ಕನೇ ವರ್ಷದಿಂದ ಮೂರ್ಛೆರೋಗ, ಮತ್ತು ಅದು ಗಂಡನಿಗೆ ಗೊತ್ತಿರಲಿಲ್ಲ.

ಶಾಲೆಯಲ್ಲಿ ಮೊದಲ ಸಲ ಬಿದ್ದಾಗ ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಿದ್ದರು. ಆಮೇಲೆ ಸೊಲ್ಲಾಪುರದ ಡಾಕ್ಟರು ಗುಳಿಗೆ ಕೊಟ್ಟು ಸರಿಮಾಡಿದರು. ಗುಳಿಗೆ ತಪ್ಪಿಸಬಾರದು, ನಿದ್ದೆಗೆಡಬಾರದು, ಆಳದ ನೀರಿಗೆ ಇಳಿಯಬಾರದು, ಇಷ್ಟು ನೋಡಿಕೊಂಡರೆ ಮದುವೆ ಮಕ್ಕಳು ಎಲ್ಲ ಎಲ್ಲರಂತೆ ಆಗುತ್ತದೆ ಎಂದಿದ್ದರು. ಕಟ್ಟಿಕೊಳ್ಳುವವನಿಗೆ ಮಾತ್ರ ಮೊದಲೇ ಹೇಳಿ ಎಂದೂ ಹೇಳಿದ್ದರು. ಮೊದಲಿನ ಮೂರನ್ನು ಅವಳ ಅವ್ವ ತುಳಜಾಬಾಯಿ ಚಾಚೂ ತಪ್ಪದೆ ಪಾಲಿಸಿದಳು. ಕೊನೆಯದನ್ನು ಎರಡು ಸಲ ಪಾಲಿಸಿದಳು, ಎರಡು ಸಲವೂ ಸಂಬಂಧ ಮುರಿದುಬಿತ್ತು. ಮೂರನೇ ಸಲ ಕಮಲಾಪುರದವರು ಬಂದಾಗ ಬಾಯಿಗೆ ಬೀಗ ಹಾಕಿಕೊಂಡಳು, ಮಗಳ ಬಾಯಿಗೂ ಹಾಕಿಸಿದಳು.

ಹೀಗಾಗಿ ಗುಳಿಗೆಗಳು ಕೂದಲುದುರುವುದನ್ನು ತಡೆಯುವ ಔಷಧಿಯ ಡಬ್ಬಿಯಲ್ಲಿ ವಾಸವಾಗಿದ್ದವು. ಇಷ್ಟು ದಪ್ಪ ಜಡೆ ಇಟ್ಟುಕೊಂಡು ಇನ್ನೆಷ್ಟು ಕೂದಲು ಬೇಕು ನಿನಗೆ ಎಂದು ಅಮರನಾಥ ಚುಡಾಯಿಸುತ್ತಿದ್ದ. ಹಾಗೆ ಚುಡಾಯಿಸಿದಾಗಲೆಲ್ಲ ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕುತ್ತಿತ್ತು, ಅದರ ಬೆನ್ನಿಗೇ ತನ್ನ ಮೇಲೆ ಅಸಹ್ಯ ಬರುತ್ತಿತ್ತು.

ಒಂದೇ ಒಂದು ಸಲ ಕೈಮೀರಿತ್ತು. ಮದುವೆಯ ಮೊದಲ ವಾರ, ಮನೆ ತುಂಬ ನೆಂಟರು. ಡಬ್ಬಿ ಹೊರತೆಗೆಯಲು ಒಂದು ಮರೆ ಸಿಗದೆ ಮೂರು ದಿನ ಗುಳಿಗೆ ತಪ್ಪಿದವು, ನಿದ್ದೆಯೂ ಇಲ್ಲ. ನಾಲ್ಕನೇ ದಿನ ನಸುಕಿನಲ್ಲಿ ಅತ್ತೆ ವಿಮಲಾಬಾಯಿ ತೊಗರಿಬೇಳೆ ತರಲು ಉಗ್ರಾಣಕ್ಕೆ ಕಳಿಸಿದಳು. ಬೀಗ ತೆಗೆದದ್ದು, ಕೀಲಿಕೈಯನ್ನು ಬೀಗದಲ್ಲೇ ಬಿಟ್ಟು ಒಳಗೆ ಹೋದದ್ದು ನೆನಪಿದೆ. ಆಮೇಲೆ ನೆನಪಿರುವುದು ಚೀಲಗಳ ನಡುವೆ ಕಣ್ಣು ಬಿಟ್ಟದ್ದು. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ಉಪ್ಪುಪ್ಪಾಗಿತ್ತು. ತಲೆಯ ಕೆಳಗೆ ಮಡಚಿದ ಗೋಣಿಚೀಲ, ಬಲಗೈ ಮುಷ್ಟಿಯಲ್ಲಿ ಅದೇ ಕಬ್ಬಿಣದ ಕೀಲಿಕೈ. ಅದನ್ನು ಯಾವಾಗ ಕೈಗೆ ತೆಗೆದುಕೊಂಡೆ ಎಂದು ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಯಾರೂ ನೋಡಲಿಲ್ಲ ಎಂಬುದೇ ದೊಡ್ಡದಾಗಿತ್ತು. ಸೀರೆ ಕೊಡವಿಕೊಂಡು, ಬೇಳೆ ತುಂಬಿಕೊಂಡು ಹೊರಗೆ ಬಂದಳು.

ಅಂದೇ ಮಧ್ಯಾಹ್ನ ನೆಂಟರೆಲ್ಲರ ಎದುರು ವಿಮಲಾಬಾಯಿ ಆ ಕೀಲಿಕೈಯನ್ನು ಬೆಳ್ಳಿಯ ಕೊಂಡಿಗೆ ಸಿಕ್ಕಿಸಿ ಕಿರಿಸೊಸೆಯ ಸೊಂಟಕ್ಕೆ ತೂಗುಹಾಕಿದಳು. "ಇದನ್ನ ಮೈಮ್ಯಾಲಿಂದ ತಗೀಬ್ಯಾಡ. ಮಲಗುವಾಗ ತಲಿದಿಂಬಿನ ಕೆಳಗ ಇಟ್ಕೋ," ಎಂದಷ್ಟೇ ಹೇಳಿದಳು. ಬಂದ ವಾರಕ್ಕೇ ಸೊಸೆಗೆ ಉಗ್ರಾಣ ಒಪ್ಪಿಸಿದ ಅತ್ತೆ ಎಂದು ಓಣಿಯಲ್ಲೆಲ್ಲ ಸುದ್ದಿಯಾಯಿತು. ಹತ್ತು ವರ್ಷದಿಂದ ಆ ಮನೆಯಲ್ಲಿ ಬೇಯಿಸಿ ಹಾಕುತ್ತಿದ್ದ ಹಿರಿಸೊಸೆ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಬೆರಳಿಗಿಂತ ಉದ್ದದ, ತೂಕದ, ಹಳೆಯ ಕಾಲದ ಕೀಲಿಕೈ ಅದು. ನಡೆದಾಗಲೆಲ್ಲ ಸೊಂಟಕ್ಕೆ ತಾಗುತ್ತಿತ್ತು. ಇಂಥ ನಂಬಿಕೆಗೆ ತಾನು ತಕ್ಕವಳಲ್ಲ ಎಂದು ತಾಗಿದಾಗಲೆಲ್ಲ ಸೃಷ್ಟಿಗೆ ಅನಿಸುತ್ತಿತ್ತು.

ಅಂಡಮಾನಿನ ಮಾತು ಬಂದಾಗ ಮನೆಯಲ್ಲಿ ಎಲ್ಲರೂ ಒಂದೊಂದು ಹೇಳಿದರು. ವಿಮಲಾಬಾಯಿ ಹೇಳಿದ್ದು ಒಂದೇ. ಎಲ್ಲಿಗೆ ಬೇಕಾದರೂ ಹೋಗಲಿ, ಕೀಲಿಕೈ ಸೃಷ್ಟಿಯ ಜೊತೆಗೇ ಹೋಗಬೇಕು. ಸಮುದ್ರದ ದಂಡೆಯಲ್ಲಿ ನಮ್ಮ ತೊಗರಿಚೀಲಕ್ಕೆ ಏನು ಕೆಲಸ ಯವ್ವಾ ಎಂದು ಮಗ ನಕ್ಕ. ಅವಳು ನಗಲಿಲ್ಲ. ಹಿರಿಸೊಸೆಯ ಕೈಗೆ ಕೊಡಲು ಇಷ್ಟವಿಲ್ಲವೇನೋ ಎಂದು ಸೃಷ್ಟಿ ಅಂದುಕೊಂಡಳು.

ಶನಿವಾರ ಬೆಳಿಗ್ಗೆ ಎಲ್ಲ ಬಿಗಡಾಯಿಸಿತು. ಅಮರನಾಥನ ಫೋನಿನ ಚಾರ್ಜ್ ಮುಗಿದಿತ್ತು. ಹನ್ನೆರಡನೇ ರೆಸಾರ್ಟು ತೋರಿಸಲು ಹೆಂಡತಿಯ ಫೋನ್ ತೆಗೆದುಕೊಂಡು ಅಂಡಮಾನ್ ಎಂದು ಬರೆಯಲು ಶುರುಮಾಡಿದ್ದೇ ತಡ, ಅವಳು ಮೂರು ವಾರದಿಂದ ಹುಡುಕಿದ್ದೆಲ್ಲ ಸಾಲಾಗಿ ಕೆಳಗೆ ಬಂದು ನಿಂತಿತು. ಯಾವ ದ್ವೀಪದಲ್ಲಿ ಆಸ್ಪತ್ರೆ ಇದೆ, ಯಾವ ರೆಸಾರ್ಟಿನಿಂದ ಎಷ್ಟು ದೂರ, ಇಪ್ಪತ್ತನಾಲ್ಕು ತಾಸು ಡಾಕ್ಟರು ಇರುತ್ತಾರೋ ಇಲ್ಲವೋ. ಒಂದು ಕಡೆಯೂ ಸಮುದ್ರವಿಲ್ಲ, ಮರಳಿಲ್ಲ, ಸೂರ್ಯಾಸ್ತವಿಲ್ಲ.

ಅಲ್ಲಿ ಆಸ್ಪತ್ರೆ ಇಲ್ಲ ಎಂಬ ಹನ್ನೆರಡನೇ ನೆಪಕ್ಕೆ ಇದು ತಯಾರಿ ಎಂದುಕೊಂಡ ಅವನು. ಆಮೇಲೆ ಫೋನನ್ನು ಮಂಚದ ಮೇಲೆ ಅಂಗಾತ ಇಟ್ಟ.

"ಸೃಷ್ಟಿ, ಖರೇ ಹೇಳು. ನಿನಗ ಸಮುದ್ರ ಬ್ಯಾಡೋ, ನಾನೇ ಬ್ಯಾಡೋ?"

ಇಷ್ಟು ದಿನ ಅವಳು ಮುಚ್ಚಿಟ್ಟಿದ್ದು ಒಂದಾದರೆ ಇವನು ಓದಿಕೊಂಡದ್ದೇ ಇನ್ನೊಂದು. ನೀರಿನ ಮೇಲಿನ ಕುಟೀರ ಬೇಡವೆಂದದ್ದು, ಯಾರೂ ಇಲ್ಲದ ದ್ವೀಪ ಬೇಡವೆಂದದ್ದು, ಎಲ್ಲವನ್ನೂ ಅವನು ತನ್ನ ಮೇಲೆ ಹಾಕಿಕೊಂಡಿದ್ದ. ಈಗಲೇ ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ಹೊರಗೆ ಹಿರಿಸೊಸೆ ಬಟ್ಟೆ ಒಗೆಯುತ್ತಿದ್ದ ಸಪ್ಪಳ ನಿಂತಿತ್ತು, ಕಿವಿ ಇತ್ತಲೇ ಇರಬೇಕು. ಹಾಗೇನಿಲ್ಲ ಎಂಬುದಷ್ಟೇ ಸೃಷ್ಟಿಯ ಬಾಯಿಂದ ಹೊರಬಿತ್ತು.

ಹಾಗೇನಿಲ್ಲ ಎಂದರೆ ಹಾಗೇ ಇದೆ ಎಂದು ಅರ್ಥ ಮಾಡಿಕೊಳ್ಳುವುದು ಗಂಡಂದಿರ ಜಾತಿಗುಣ. ಸೋಮವಾರ ಅವ್ವ ಹೇಗೂ ಕಲಬುರಗಿಗೆ ಶರಣಬಸವೇಶ್ವರನ ದರ್ಶನಕ್ಕೆ ಬರುತ್ತಾಳೆ, ನೀನೂ ನಿನ್ನ ತಾಲೂಕು ಕಚೇರಿಗೆ ರಜೆ ಹಾಕಿ ಅವಳ ಜೊತೆ ಬಾ, ಹುಸೇನ ಭಾಯ್ ಟ್ರಾವೆಲ್ಸ್ ಅಂಗಡಿಯಲ್ಲಿ ಕೂತು ಒಂದನ್ನು ಆರಿಸೋಣ ಎಂದ. ಆರಿಸಲಾಗದಿದ್ದರೆ ಬಿಟ್ಟುಬಿಡೋಣ, ಇನ್ನು ಮುಂದೆ ಇಂಥ ಮಾತನ್ನೇ ತಾನು ಎತ್ತುವುದಿಲ್ಲ ಎಂದ. ಕೂಗಾಡಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಮೆಲ್ಲಗೆ ಹೇಳಿ, ತಲೆ ಬಾಚಿಕೊಂಡು, ಬೈಕ್ ಹತ್ತಿ ಹೋದ.

ಭಾನುವಾರ ಸೃಷ್ಟಿ ಕಲಬುರಗಿಯ ಗಾಜಿಪುರದ ತವರಿಗೆ ಓಡಿದಳು. ತುಳಜಾಬಾಯಿ ಮಗಳ ಮುಖ ನೋಡುತ್ತಲೇ ಬಾಗಿಲು ಹಾಕಿಕೊಂಡಳು. ಹೇಳಿಬಿಡುತ್ತೇನೆ ಎಂದು ಮಗಳು ಅತ್ತಳು, ಹೇಳಬೇಡ ಎಂದು ತಾಯಿ ಅತ್ತಳು. ಮೊದಲ ಗಂಡಿನ ಕಡೆಯವರು ಮೂರ್ಛೆಯ ಮಾತು ಕೇಳಿಸಿಕೊಂಡು, ಎದುರಿಗಿಟ್ಟ ಚಹಾ ಮುಟ್ಟದೆ ಎದ್ದುಹೋದದ್ದನ್ನು ತುಳಜಾಬಾಯಿ ಮರೆತಿರಲಿಲ್ಲ. ಆ ಐದು ಕಪ್ಪುಗಳನ್ನು ಅವಳೇ ಮೋರಿಗೆ ಚೆಲ್ಲಿದ್ದಳು.

"ಹೇಳಿ ಎರಡ ಸಂಬಂಧ ಕಳಕೊಂಡೀವಿ. ಆರು ತಿಂಗಳ ನಡದದ ಅಂದ್ರ ಅರವತ್ತ ವರ್ಷಾನೂ ನಡೀತದ," ಎಂದಳು. "ನೀರಿಗಿ ಇಳೀಬ್ಯಾಡ, ಬಾಯಿ ಬಿಡಬ್ಯಾಡ."

ಸೃಷ್ಟಿಗೆ ತಾಯಿಯ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಸುಳ್ಳಿನಿಂದ ತನ್ನನ್ನು ಸಾಕುತ್ತಿರುವವಳು ಇವಳೇ, ಸುಳ್ಳಿಗೆ ಹೆದರಿ ಸೊರಗುತ್ತಿರುವವಳೂ ಇವಳೇ. ಬಸ್ಸಿನಲ್ಲಿ ಕಮಲಾಪುರಕ್ಕೆ ಮರಳುವಾಗ ಅವಳು ಒಂದು ತೀರ್ಮಾನಕ್ಕೆ ಬಂದಳು. ನಾಳೆ ಅವನು ಯಾವುದನ್ನು ತೋರಿಸಿದರೂ ಹೂಂ ಎನ್ನುವುದು. ಅಲ್ಲಿಗೆ ಹೋದ ಮೇಲೆ ನೀರಿಗೆ ಇಳಿಯುವ ದಿನ ಹೊಟ್ಟೆನೋವು ಎಂದು ಮಲಗಿದರಾಯಿತು. ಐದು ದಿನವನ್ನು ಹೇಗಾದರೂ ದಾಟಬಹುದು.

ಸೋಮವಾರ ಅತ್ತೆ ಸೊಸೆ ಒಂಬತ್ತರ ಬಸ್ಸು ಹಿಡಿದರು. ಕಾರ್ತಿಕದ ಸೋಮವಾರವಾದ್ದರಿಂದ ಮಹಾಗಾಂವ ಬರುವಷ್ಟರಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿಮಲಾಬಾಯಿ ಕಿಟಕಿಯ ಸೀಟನ್ನು ಸೊಸೆಗೆ ಬಿಟ್ಟು, ತಾನು ಈಚೆ ಕೂತಿದ್ದಳು. ದಾರಿಯಲ್ಲಿ ಒಂದು ಸಲ ಸೊಸೆಯ ಸೊಂಟದತ್ತ ನೋಡಿ ಕೀಲಿಕೈ ಇದೆಯೇ ಎಂದು ಕೇಳಿದಳು. ಇದೆ ಎಂದು ಸೃಷ್ಟಿ ಸೆರಗು ಸರಿಸಿ ತೋರಿಸಿದಳು. ಗುಡಿಯಲ್ಲಿ ಸೃಷ್ಟಿ ಏನನ್ನೂ ಬೇಡಿಕೊಳ್ಳಲಿಲ್ಲ. ಸುಳ್ಳು ಉಳಿಯಲಿ ಎಂದು ದೇವರ ಎದುರು ಹೇಗೆ ಬೇಡುವುದು?

ಹುಸೇನನ ಟ್ರಾವೆಲ್ಸ್ ಅಂಗಡಿ ಗುಡಿಯಿಂದ ಕೂಗಳತೆಯಲ್ಲಿತ್ತು. ಗಾಜಿನ ಬಾಗಿಲು, ಗೋಡೆಗೆ ಮಕ್ಕಾ, ತಿರುಪತಿ, ಗೋವಾ ಮೂರರ ಚಿತ್ರಗಳೂ ಅಕ್ಕಪಕ್ಕ. ಅಮರನಾಥ ಮೊದಲೇ ಬಂದು ಕೂತಿದ್ದ. ತಾಯಿಗೆ ಕುರ್ಚಿ ಎಳೆದುಕೊಟ್ಟ, ಹೆಂಡತಿಯ ಮುಖ ನೋಡಲಿಲ್ಲ. ಹುಸೇನ ಒಂದು ಪುಸ್ತಿಕೆ ತೆಗೆದು ಹಾಳೆ ತಿರುವುತ್ತ, ಇದು ದಂಡೆಯ ಮೇಲೇ ಇರುವುದು, ಇದರಲ್ಲಿ ಊಟ ಚೆನ್ನಾಗಿದೆ, ಇದರಲ್ಲಿ ಸಸ್ಯಾಹಾರದ ಅಡಿಗೆಮನೆಯೇ ಬೇರೆ ಎಂದು ವರ್ಣಿಸತೊಡಗಿದ. ಅವನು ಸಮುದ್ರವನ್ನು ಮಾರುವ ರೀತಿ ನೋಡಿದರೆ ಅಲೆಗಳನ್ನು ಬೆಳಿಗ್ಗೆ ತಾನೇ ಬಿಚ್ಚಿಟ್ಟು ಬಂದವನಂತಿದ್ದ.

ನಾಲ್ಕನೇ ಹಾಳೆಯಲ್ಲಿ ಅಮರನಾಥ ಬೆರಳಿಟ್ಟ. ಆಳದ ನೀರಿಗೆ ಇಳಿಸಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ತಳದ ಹವಳ ತೋರಿಸುವ ರೆಸಾರ್ಟು. ಗಂಡಹೆಂಡತಿ ಇಬ್ಬರೂ ಕೈಕೈ ಹಿಡಿದು ನೀರಿನೊಳಗೆ ತೇಲುತ್ತಿರುವ ಚಿತ್ರವಿತ್ತು. ಇದು ಹೇಗೆ ಎಂದು ಅವನು ಹೆಂಡತಿಯನ್ನು ಕೇಳಿದ ದನಿಯಲ್ಲಿ ಬೇಡ ಎಂಬ ಉತ್ತರ ಆಗಲೇ ಬಂದಾಗಿತ್ತು.

"ನಿಮಗ ಛಲೋ ಅನಸಿದ್ರ ಅದೇ ಆಗ್ಲಿರಿ," ಎಂದಳು ಸೃಷ್ಟಿ.

ಅವನು ತಟ್ಟನೆ ತಲೆಯೆತ್ತಿದ. ಎರಡು ದಿನದಿಂದ ಮುಚ್ಚಿಕೊಂಡಿದ್ದ ಮುಖ ಒಮ್ಮೆಲೇ ತೆರೆದುಕೊಂಡಿತು. ಬಾವಿಗೆ ಮೊದಲ ಸಲ ಹಾರಲು ಬಿಟ್ಟ ಹುಡುಗನಂತೆ ನಕ್ಕ. ಆ ನಗು ನೋಡಿ ಸೃಷ್ಟಿಗೆ ಅಲ್ಲೇ ಎದ್ದು ಓಡಿಹೋಗಬೇಕು ಅನಿಸಿತು.

ಹುಸೇನನೂ ಖುಷಿಯಾಗಿ ಎರಡು ಫಾರ್ಮ್ ಮುಂದೆ ತಳ್ಳಿದ. ನೀರಿಗೆ ಇಳಿಯುವವರು ತುಂಬಿ ಕೊಡಬೇಕಾದ್ದು, ರೆಸಾರ್ಟಿನವರು ಮೊದಲೇ ಕೇಳುತ್ತಾರೆ, ಸುಮ್ಮನೆ ಎಲ್ಲದಕ್ಕೂ ಇಲ್ಲ ಎಂದು ಗೀಚಿ ಸಹಿ ಮಾಡಿದರಾಯಿತು, ತನ್ನ ಗಿರಾಕಿಗಳೆಲ್ಲ ಹಾಗೇ ಮಾಡುವುದು ಎಂದ.

ಫಾರ್ಮ್ ಎಂದರೆ ಏನೆಂದು ಸೃಷ್ಟಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಕಮಲಾಪುರದ ತಾಲೂಕು ಕಚೇರಿಯಲ್ಲಿ ಅವಳು ಕಂಪ್ಯೂಟರ್ ಆಪರೇಟರ್, ದಿನಕ್ಕೆ ನಲವತ್ತು ಅರ್ಜಿ ತುಂಬುವವಳು. ಓದು ಬಾರದ ಮುದುಕರು ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ನಿಂತಾಗ, ಬೇರೆ ಆಪರೇಟರುಗಳಂತೆ ಒತ್ತಿಸಿ ಕಳಿಸದೆ, ಕೊನೆಯ ಸಾಲನ್ನು ದೊಡ್ಡದಾಗಿ ಓದಿ ಹೇಳುತ್ತಿದ್ದಳು. ಇದರಲ್ಲಿ ಸುಳ್ಳಿದ್ದರೆ ನೀವೇ ಹೊಣೆ, ತಿಳಿಯಿತಾ, ತಿಳಿದರೆ ಒತ್ತಿ. ಆ ಸಾಲು ಓದದೆ ಅವಳು ಒಂದು ಹೆಬ್ಬೆಟ್ಟನ್ನೂ ತೆಗೆದುಕೊಂಡವಳಲ್ಲ. ಇಲ್ಲಿಯೂ ಹಾಳೆಯ ಬುಡದಲ್ಲಿ ಅದೇ ಸಾಲು ಇಂಗ್ಲಿಷಿನಲ್ಲಿ ಕೂತಿತ್ತು. ಅವಳು ಮೊದಲು ನೋಡಿದ್ದೇ ಅದನ್ನು.

ಅಮರನಾಥ ಪೆನ್ನು ಹಿಡಿದು, ತನ್ನ ಫಾರ್ಮ್ ಮುಗಿಸಿ ಹೆಂಡತಿಯದನ್ನು ಎಳೆದುಕೊಂಡ. ಖುಷಿಯಲ್ಲಿದ್ದ, ಹಾಗಾಗಿ ತಾಯಿಗೂ ತಿಳಿಯಲಿ ಎಂದು ಒಂದೊಂದೇ ಪ್ರಶ್ನೆಯನ್ನು ಕನ್ನಡ ಮಾಡಿ ಓದುತ್ತ ಹೋದ. ಹೃದಯದ ಕಾಯಿಲೆ, ಇಲ್ಲ. ದಮ್ಮು, ಇಲ್ಲ. ಕಿವಿ ಸೋರುವುದು, ಇಲ್ಲ. ಬಸುರಿಯೇ ಎಂಬುದಕ್ಕೆ ತಾಯಿಯ ಕಡೆ ನೋಡಿ ಗಂಟಲು ಸರಿಮಾಡಿಕೊಂಡು, ಸದ್ಯಕ್ಕೆ ಇಲ್ಲ. ಹುಸೇನ ನಕ್ಕ. ಪ್ರಸಾದದ ಪೊಟ್ಟಣ ಬಿಚ್ಚುತ್ತಿದ್ದ ವಿಮಲಾಬಾಯಿಯ ಕೈ ಮಾತ್ರ ನಿಂತಿತ್ತು. ಅವಳು ಫಾರ್ಮನ್ನಲ್ಲ, ಸೊಸೆಯನ್ನು ನೋಡುತ್ತಿದ್ದಳು.

"ಮೂರ್ಛಿ, ಫಿಟ್ಸ್ ಅಂಥಾದ್ದೇನರ," ಎಂದು ಓದಿ ಅಮರನಾಥ ಪೆನ್ನನ್ನು ಇಲ್ಲ ಎಂಬ ಚೌಕದ ಮೇಲೆ ತಂದ.

ಸೃಷ್ಟಿಗೆ ನೀರು ಕಂಡಿತು. ತಳ ಕಾಣದ ನೀಲಿ ನೀರು, ಕೈಕೈ ಹಿಡಿದ ಇಬ್ಬರು, ಅವರಲ್ಲಿ ಒಬ್ಬಳ ಕೈ ಸೆಟೆದುಕೊಳ್ಳುವುದು, ಇನ್ನೊಬ್ಬನಿಗೆ ಏನಾಗುತ್ತಿದೆ ಎಂದು ಗೊತ್ತೇ ಆಗದಿರುವುದು. ಹೊಟ್ಟೆನೋವಿನ ನೆಪ ಇಷ್ಟು ನೀರಿಗೆ ಸಾಲುವುದಿಲ್ಲ ಎಂದು ಅವಳಿಗೆ ಆ ಕ್ಷಣ ತಿಳಿಯಿತು. ಇವತ್ತಲ್ಲದಿದ್ದರೆ ಇನ್ನೊಂದು ನೀರು, ಇನ್ನೊಂದು ಬೆಂಕಿ, ನಾಳೆ ಮಡಿಲಲ್ಲೊಂದು ಕೂಸು. ಅವಳು ಕೈ ಚಾಚಿ ಆ ಚೌಕವನ್ನು ಮುಚ್ಚಿದಳು. ಪೆನ್ನಿನ ಮೊನೆ ಅವಳ ಬೆರಳ ಮೇಲೆ ಗೀರಿತು.

"ಅಲ್ಲಿ ಇಲ್ಲ ಅಂತ ಬರೀಬ್ಯಾಡ್ರಿ," ಎಂದಳು. "ನನಗ ಅದ."

ಹುಸೇನ ಲೋಕ ಕಂಡ ಮನುಷ್ಯ, ಚಹಾ ಹೇಳಿ ಬರುತ್ತೇನೆ ಎಂದು ಯಾರಿಗೋ ಹೇಳಿದಂತೆ ಹೇಳಿ ಹೊರಗೆ ಹೋದ. ಅಮರನಾಥ ಪೆನ್ನಿಗೆ ಮುಚ್ಚಳ ಹಾಕಿದ. ಮತ್ತೆ ತೆಗೆದ, ಮತ್ತೆ ಹಾಕಿದ. ಯಾವಾಗಿನಿಂದ ಎಂದು ಕೇಳಿದ. ಹೇಳಿದಳು. ಕೂದಲಿನ ಗುಳಿಗೆ ಎಂದ. ಅದು ಕೂದಲಿಗಲ್ಲ ಎಂದಳು. ಸೊಲ್ಲಾಪುರದ ಡಾಕ್ಟರು, ಮುರಿದ ಎರಡು ಸಂಬಂಧ, ಉಗ್ರಾಣದಲ್ಲಿ ಬಿದ್ದದ್ದು, ಎಲ್ಲವನ್ನೂ ಹೇಳಿದಳು. ನಿಲ್ಲಿಸಲು ಆಗಲಿಲ್ಲ, ಅಳಲೂ ಆಗಲಿಲ್ಲ. ತಾಲೂಕು ಕಚೇರಿಯಲ್ಲಿ ಯಾರದೋ ಅರ್ಜಿ ಓದಿ ಹೇಳುವಂತೆ ಒಂದೇ ದನಿಯಲ್ಲಿ ಹೇಳಿ ಮುಗಿಸಿದಳು.

"ನಾ ನಿನ್ನ ಸಮುದ್ರದ ತಳಕ್ಕ ಇಳಸ್ತಿದ್ದೆ," ಎಂದ ಅಮರನಾಥ. ಮುಖ ಸುಣ್ಣದಂತಾಗಿತ್ತು. "ನನ್ನ ಕೈಯಾರೆ ಇಳಸ್ತಿದ್ದೆ. ನೀ ಹೂಂ ಅಂದಿ."

ಆಮೇಲೆ ಸಿಟ್ಟು ಬಂತು. ಅದು ಬರಲೇಬೇಕಿತ್ತು. ಗಾಜಿಪುರದವರು ಮುಚ್ಚಿಟ್ಟು ಮದುವೆ ಮಾಡಿದರು, ಕೇಳಿಸಿಕೊಂಡೆಯಾ ಎಂದು ತಾಯಿಯ ಕಡೆ ತಿರುಗಿದ. ಸೃಷ್ಟಿಯೂ ಅದಕ್ಕೇ ಕಾಯುತ್ತಿದ್ದಳು. ಗಾಜಿಪುರ ಇಲ್ಲಿಂದ ಆಟೋದಲ್ಲಿ ಹತ್ತು ನಿಮಿಷ, ಇವತ್ತೇ ಬಿಟ್ಟು ಹೋದರೂ ಹೋಗಬಹುದು. ಅವರು ಕೇಳುವ ಮೊದಲೇ ಕೊಟ್ಟುಬಿಡುವುದು ಮರ್ಯಾದೆ ಎಂದು, ಸೊಂಟದ ಕೊಂಡಿಯಿಂದ ಕೀಲಿಕೈ ಬಿಚ್ಚಿ ಅತ್ತೆಯ ಮುಂದೆ ಮೇಜಿನ ಮೇಲೆ ಇಟ್ಟಳು. ಕಬ್ಬಿಣ ಗಾಜಿಗೆ ತಾಗಿ ಟಣ್ಣೆಂದಿತು.

ವಿಮಲಾಬಾಯಿ ಅದನ್ನು ಎತ್ತಿಕೊಂಡಳು. ಸೊಸೆಯ ಬಲಗೈ ಹಿಡಿದೆಳೆದು, ಅಂಗೈಯಲ್ಲಿ ಕೀಲಿಕೈ ಇಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮೇಲಿನಿಂದ ತನ್ನ ಎರಡೂ ಕೈಯಿಂದ ಬಿಗಿಯಾಗಿ ಒತ್ತಿದಳು. ಆ ಒತ್ತು ಸೃಷ್ಟಿಯ ಕೈಗೆ ಗುರುತು ಸಿಕ್ಕಿತು. ತಲೆಗೆ ನೆನಪಿಲ್ಲದ್ದು ಕೈಗೆ ನೆನಪಿತ್ತು.

"ಇದು ಉಗ್ರಾಣದ ಯಜಮಾನಕಿ ಅಂತ ನಾ ಯಾವತ್ತ ಹೇಳಿದ್ದೆ?" ಎಂದಳು ವಿಮಲಾಬಾಯಿ. "ಮೂರ್ಛಿ ಬಂದವರ ಕೈಯಾಗ ಕಬ್ಬಿಣ ಇಡಬೇಕು ಅಂತಾರ. ಅವತ್ತ ನೀ ಬ್ಯಾಳಿ ತರಾಕ ಹೋದಾಕಿ ಬರಲಿಲ್ಲ ಅಂತ ನಾನೇ ಬಂದಿದ್ದೆ. ಕೈಗಿ ಸಿಕ್ಕಿದ್ದು ಇದೊಂದೇ. ನಿನ್ನ ಮುಷ್ಟಿಯಾಗ ಇಟ್ಟು, ತಲಿ ಕೆಳಗ ಚೀಲ ಕೊಟ್ಟು, ನಿನಗ ಎಚ್ಚರ ಆಗೂ ತನಕ ಬಾಗಲದಾಗ ನಿಂತಿದ್ದೆ, ಯಾರೂ ಒಳಗ ಬರಬಾರದಂತ."

ಆರು ತಿಂಗಳು ಸೊಂಟದಲ್ಲಿ ಹೊತ್ತದ್ದು ನಂಬಿಕೆಯ ಭಾರವೆಂದು ತಿಳಿದು ಸೃಷ್ಟಿ ನಾಚಿ ಸತ್ತಿದ್ದಳು. ಅದು ಕಾವಲು ಎಂದು ಗೊತ್ತಿರಲಿಲ್ಲ. ಗೊತ್ತಿದ್ದೂ ಯಾಕೆ ಕೇಳಲಿಲ್ಲ ಅತ್ತೆ ಎಂದು ಕೊನೆಗೆ ಕೇಳಿದಳು.

"ನೀನೇ ಹೇಳ್ತಿ ಅಂತ ಹಾದಿ ನೋಡಿದೆ. ಕೇಳಿದ್ರ ತವರಿಗಿ ಓಡಿ ಹೋಗ್ತಿ ಅಂತ ಅಂಜಿದೆ. ನಿಮ್ಮವ್ವ ಮಾಡಿದ ತಪ್ಪ ನಾನೂ ಮಾಡೀನಿ."

"ಅಂದ್ರ ಆ ಮನ್ಯಾಗ ಗೊತ್ತಿಲ್ಲದಾಂವ ನಾನೊಬ್ಬನೇ," ಎಂದ ಅಮರನಾಥ.

ಅವನು ಎದ್ದು ಗಾಜಿನ ಬಾಗಿಲ ಹತ್ತಿರ ಹೋಗಿ ಬೆನ್ನು ಮಾಡಿ ನಿಂತ. ಹೊರಗೆ ಕಾಯಿ ಕರ್ಪೂರ ಹಿಡಿದವರು, ಪುಸ್ತಕ ಹಿಡಿದ ಕಾಲೇಜಿನ ಹುಡುಗಿಯರು ಹೋಗುತ್ತಿದ್ದರು. ಬಾಗಿಲು ತೆಗೆದು ಅವರ ಜೊತೆ ನಡೆದುಬಿಡುತ್ತಾನೆ ಎಂದು ಸೃಷ್ಟಿ ಅವನ ಕೈಯನ್ನೇ ನೋಡುತ್ತಿದ್ದಳು. ಕೈ ಹಿಡಿಕೆಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಹುಸೇನ ಹೊರಗಿನಿಂದ ಚಹಾದ ಗ್ಲಾಸುಗಳನ್ನು ಹಿಡಿದು ಬಂದು, ಒಳಗಿನ ಮುಖಗಳನ್ನು ನೋಡಿ, ಆ ಕಡೆ ತಿರುಗಿ ನಿಂತುಬಿಟ್ಟ.

ಚಹಾ ಆರಿಹೋಗುವಷ್ಟು ಹೊತ್ತಾದ ಮೇಲೆ ಅಮರನಾಥ ತಿರುಗದೆಯೇ ಕೇಳಿದ. ದನಿ ಇನ್ನೂ ಗಡುಸಾಗಿತ್ತು.

"ಡಾಕ್ಟರ್ ನೀರಿಗಿ ಎಷ್ಟರ ತನಕ ಇಳೀಬಹುದು ಅಂದಾರ?"

"ಮೊಣಕಾಲ ತನಕ. ಜೋಡಿ ಈ ಬ್ಯಾನಿ ಗೊತ್ತಿದ್ದವರು ಇರಬೇಕು."

ಅಮರನಾಥ ಬಾಗಿಲು ತೆಗೆದು ಹುಸೇನನನ್ನು ಒಳಗೆ ಕರೆದು, ಪುಸ್ತಿಕೆಯನ್ನು ಅವನ ಮುಂದೆ ತಳ್ಳಿ, ದವಾಖಾನೆಗೆ ಎಲ್ಲಕ್ಕಿಂತ ಹತ್ತಿರ ಇರುವ ರೆಸಾರ್ಟು ಇದರಲ್ಲಿ ಯಾವುದು ನೋಡಿ ಎಂದ. ಹುಸೇನನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಅದನ್ನು ಕೇಳಿರಲಿಲ್ಲ.

ಸೃಷ್ಟಿ ಎಡಗೈಯಿಂದ ಪುಸ್ತಿಕೆಯನ್ನು ಕೊನೆತನಕ ತಿರುವಿದಳು. "ಕಡೀ ಹಾಳ್ಯಾಗಿಂದು," ಎಂದಳು. "ಒಂದೂವರಿ ಕಿಲೋಮೀಟರ್. ರಾತ್ರಿನೂ ಡಾಕ್ಟರ್ ಇರ್ತಾರ. ದಂಡಿ ಮುಂದ ನೀರು ಭಾಳ ದೂರ ತನಕ ಮೊಣಕಾಲಷ್ಟೇ ಅದ."

ಅಮರನಾಥ ಆ ಹಾಳೆ ನೋಡಿದ. ಹಂಚಿನ ಮನೆಗಳ ಸಾದಾ ಜಾಗ, ಎರಡು ತೆಂಗಿನ ಮರದ ನಡುವೆ ಒಂದು ಬೆಂಚು. ಇದನ್ನು ಯಾವಾಗ ಆರಿಸಿಟ್ಟಿದ್ದೆ ಎಂದು ಕೇಳಿದ. ಮೊದಲ ದಿನವೇ, ಇದೇ ಯಾಕೆಂದು ನೀವು ಕೇಳಿದರೆ ಎಂದು ಅಂಜಿ ಹೇಳಲಿಲ್ಲ ಎಂದಳು. ಅವನ ಮುಖದಲ್ಲಿ ಏನೋ ಒಂದು ಕದಲಿತು. ಹನ್ನೊಂದು ರೆಸಾರ್ಟುಗಳನ್ನು ಬೇಡವೆಂದವಳು ಇಪ್ಪತ್ತೊಂದು ದಿನವೂ ಅವನ ಜೊತೆ ಈ ಬೆಂಚಿನ ಮೇಲೆ ಕೂರುವ ದಾರಿ ಹುಡುಕುತ್ತಿದ್ದಳು.

"ಸಂಜೀಗಿ ಗಾಜಿಪುರಕ್ಕ ಹೋಗೂನು. ನಿಮ್ಮವ್ವಗ ನಾ ಒಂದ ಮಾತ ಕೇಳೂದದ," ಎಂದ. ಕ್ಷಮಿಸಿದವನ ದನಿಯಲ್ಲ ಅದು. ಆದರೆ ಹೋಗೂನು ಎಂದಿದ್ದ, ಹೋಗು ಎಂದಿರಲಿಲ್ಲ.

ಆ ರೆಸಾರ್ಟಿಗೂ ಒಂದು ಫಾರ್ಮ್ ಬೇಕಿತ್ತು, ಚಿಕ್ಕದು. ಅಮರನಾಥ ಹಳೆಯ ಹಾಳೆಯನ್ನು ನಾಲ್ಕು ಮಡಿಕೆ ಮಡಚಿ ಜೇಬಿಗೆ ಹಾಕಿಕೊಂಡು, ಹೊಸದರಲ್ಲಿ ಆರೋಗ್ಯದ ಸಾಲಿನ ಮುಂದೆ ಇದ್ದದ್ದನ್ನು ಇದ್ದಂತೆ ಬರೆದ. ವಿಮಾನದ ತಪಾಸಣೆಯಲ್ಲಿ ಅಷ್ಟು ದೊಡ್ಡ ಕಬ್ಬಿಣ ಬಿಡುತ್ತಾರೋ ಇಲ್ಲವೋ ಎಂದು ವಿಮಲಾಬಾಯಿ ಹುಸೇನನನ್ನು ವಿಚಾರಿಸುತ್ತಿದ್ದಳು. ಕೈಯಲ್ಲಿ ಕಬ್ಬಿಣ ಹಿಡಿದರೆ ಮೂರ್ಛೆ ನಿಲ್ಲುವುದಿಲ್ಲ, ಮಗ್ಗುಲಾಗಿ ಮಲಗಿಸಿ ಪಕ್ಕದಲ್ಲಿ ಕೂತಿದ್ದರೆ ಸಾಕು ಎಂದು ಡಾಕ್ಟರು ಹೇಳಿದ್ದು ಸೃಷ್ಟಿಗೆ ನೆನಪಿತ್ತು. ಆದರೂ ಮುಷ್ಟಿಯನ್ನು ಅವಳು ಇನ್ನೂ ಸಡಿಲಿಸಿರಲಿಲ್ಲ.

ಹಾಳೆಯ ಬುಡದ ಸಾಲನ್ನು ಅಮರನಾಥ ದೊಡ್ಡದಾಗಿ ಓದಿದ. ಮೇಲೆ ಬರೆದದ್ದೆಲ್ಲ ಸತ್ಯ, ಸುಳ್ಳಿದ್ದರೆ ನಾನೇ ಹೊಣೆ. ಓದಿ, ಪೆನ್ನನ್ನು ಹೆಂಡತಿಯತ್ತ ಹಿಡಿದ. ಸಹಿ ಮಾಡಬೇಕಾದರೆ ಬಲಗೈ ಮುಷ್ಟಿ ಬಿಚ್ಚಬೇಕಿತ್ತು. ಅವಳು ಹಿಂಜರಿದಳು. ಅವನು ಇನ್ನೂ ಅವಳ ಮುಖ ನೋಡಿರಲಿಲ್ಲ, ಆದರೆ ಇನ್ನೊಂದು ಕೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲೆ ಚಾಚಿದ.

"ಇಲ್ಲಿ ಕೊಡು," ಎಂದ. "ಇನ್ನ ಮ್ಯಾಲ ನಾ ಹಿಡ್ಕೋತೀನಿ."